ಇ-ಮೇಲ್ ಬ್ಯಾಕಪ್ ತಂತ್ರಾಂಶ: ಖಾತೆ ಮತ್ತು ಗುರುತು ದೃಢೀಕರಣದ ತೊಡಕುಗಳು, ಪರಿಹಾರ ಕ್ರಮ

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ದೂಧಗಂಗೆ ಹಾಗೂ ವೇದಗಂಗೆ ನದಿಗಳು ಉಕ್ಕಿ ಹರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳು ಜಲಾವೃತವಾದವು. ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲೇರಿ ವಾಹನ ಸಂಚಾರ ಸ್ಥಗಿತಗೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2021ರ ಜುಲೈನಲ್ಲಿ, ಅದೇ ಸಂಕಟ ಮರುಕಳಿಸಿತು. ನೆಲಮಟ್ಟದ ಅಂಗಡಿ, ಗೋದಾಮು, ಕಚೇರಿಗಳಲ್ಲಿ ವಹಿ-ಖಾತೆಗಳನ್ನೂ ಗಣಕಯಂತ್ರವನ್ನೂ ಇಟ್ಟುಕೊಂಡಿರುವ ವ್ಯಾಪಾರಸ್ಥರಿಗೆ ಈ ಎರಡು ಮಹಾಪೂರಗಳು ಕಲಿಸಿದ ಪಾಠ ಸರಳವಾದುದು: ದಾಖಲೆಯ ಒಂದು ಪ್ರತಿ ಬೇರೊಂದು ಸ್ಥಳದಲ್ಲಿ ಇರಲೇಬೇಕು.

ಇ-ಮೇಲ್ ಪತ್ರವ್ಯವಹಾರದ ಮಟ್ಟಿಗೆ ಈ ಕೆಲಸವನ್ನು ಬ್ಯಾಕಪ್ ತಂತ್ರಾಂಶ ಮಾಡುತ್ತದೆ. ಅದು ಪ್ರತಿ ರಾತ್ರಿ ಅಂಚೆ ಸರ್ವರಿನ ಬಾಗಿಲಿಗೆ ಹೋಗಿ, ತನ್ನ ಗುರುತನ್ನು ಹೇಳಿ, ಒಳಹೊಕ್ಕು, ಹೊಸ ಪತ್ರಗಳ ಪ್ರತಿ ತೆಗೆದು ತಂದಿಡುತ್ತದೆ. ಆದರೆ ಒಂದು ರಾತ್ರಿ ಸರ್ವರು ಆ ಗುರುತನ್ನು ಒಪ್ಪದಿದ್ದರೆ ಪ್ರತಿ ತೆಗೆಯುವ ಕಾರ್ಯ ಅಲ್ಲಿಗೇ ನಿಲ್ಲುತ್ತದೆ. ಪತ್ರಗಳು ಎಂದಿನಂತೆ ಬರುತ್ತಿರುತ್ತವೆ, ಹೋಗುತ್ತಿರುತ್ತವೆ; ಆದುದರಿಂದ ಕಚೇರಿಯಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ಎಂಟು ತಿಂಗಳ ನಂತರ ಹಳೆಯ ಪತ್ರವೊಂದು ಬೇಕಾದಾಗ ಬ್ಯಾಕಪ್ಪಿನಲ್ಲಿ ಎಂಟು ತಿಂಗಳ ಕಂದಕ ಕಾಣಿಸುತ್ತದೆ. ಈ ತೊಡಕನ್ನು ಗುರುತಿಸುವ, ಕ್ರಮಬದ್ಧವಾಗಿ ಸರಿಪಡಿಸುವ ಮತ್ತು ಪುನಃ ಬಾರದಂತೆ ನೋಡಿಕೊಳ್ಳುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪತ್ರ ಕಳೆದುಹೋದರೆ ಆಗುವ ನಷ್ಟ

ಈ ಭಾಗದ ವ್ಯವಹಾರ ಬಹುಮಟ್ಟಿಗೆ ಮಾತಿನ ಮೇಲೆ, ವಿಶ್ವಾಸದ ಮೇಲೆ ನಡೆದುಬಂದಿದೆ. ನಿಪ್ಪಾಣಿಯ ತಂಬಾಕು ಪೇಟೆಯಾಗಲಿ, ಅಥಣಿಯ ಚರ್ಮದ ಪಾದರಕ್ಷೆಯ ಉದ್ಯೋಗವಾಗಲಿ, ಕೊಲ್ಹಾಪುರ, ಇಚಲಕರಂಜಿ, ಸಾಂಗ್ಲಿ, ಮಿರಜ ಪೇಟೆಗಳೊಡನೆ ನಡೆಯುವ ಕೊಡು-ಕೊಳ್ಳುವಿಕೆಯಾಗಲಿ, ದೂರವಾಣಿಯ ಒಂದು ಮಾತಿನಲ್ಲೇ ಎಷ್ಟೋ ಸಲ ಮುಗಿಯುತ್ತವೆ. ಆದರೆ ದೊಡ್ಡ ಕಂಪನಿಗಳ ಖರೀದಿ ಆದೇಶ, ದರದ ಒಪ್ಪಿಗೆ, ಮಾಲಿನ ಗುಣಮಟ್ಟದ ಆಕ್ಷೇಪಣೆ, ಬ್ಯಾಂಕಿನ ಸೂಚನೆ, ರಫ್ತಿನ ಕಾಗದಪತ್ರ ಇವೆಲ್ಲ ಇಂದು ಇ-ಮೇಲ್ ಮೂಲಕವೇ ಬರುತ್ತವೆ. ತಕರಾರು ಎದ್ದಾಗ ನಿಲ್ಲುವುದು ಆ ಪತ್ರವೇ.

ಕಾನೂನಿನ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಅದು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ತಲುಪಿದ ದಿನವೇ ಅಂಗೀಕಾರದ ದಿನವೆಂದು ಪರಿಗಣಿತವಾಗುತ್ತದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಆ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಆಕ್ಷೇಪಣೆ ಬಂದಿತ್ತೇ, ಬಂದಿದ್ದರೆ ಯಾವ ದಿನ, ಅದು ಯಾವಾಗ ನಿವಾರಣೆಯಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಅಂಚೆಪೆಟ್ಟಿಗೆಯಲ್ಲಿರುತ್ತದೆ.

ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರ ಹಾಗೂ ದಾಖಲೆಗಳನ್ನು, ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಲು ಕೊಟ್ಟ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. 2017ರ ಜಿ.ಎಸ್.ಟಿ. ನಿಯಮಗಳ 57ನೇ ನಿಯಮವು, ಗಣಕದಲ್ಲಿರುವ ದಾಖಲೆ ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರತಕ್ಕದ್ದು ಎಂದು ಹೇಳುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿಕೊಂಡ ಸಂಸ್ಥೆಗಳಿಗೆ 2022ರ ಆಗಸ್ಟ್ ತಿಂಗಳಿನ ತಿದ್ದುಪಡಿಯಿಂದ ಇನ್ನೊಂದು ಹೊಣೆ ಸೇರಿದೆ: ಗಣಕದಲ್ಲಿಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು. ಹೀಗಿರುವಾಗ ಬ್ಯಾಕಪ್ ನಿಂತುಹೋಗುವುದು ಕೇವಲ ಗಣಕಯಂತ್ರದ ದೋಷವಾಗಿ ಉಳಿಯದೆ ವ್ಯವಹಾರದ ದೋಷವಾಗುತ್ತದೆ.

ಮೂರು ಹಂತಗಳ ಬಾಗಿಲು

ಇಲ್ಲಿ 'ಖಾತೆ' ಎಂದರೆ ಲೆಡ್ಜರಿನ ಖಾತೆಯಲ್ಲ. ಸರ್ವರು ಯಾರನ್ನು ಒಳಗೆ ಬಿಡಬೇಕೆಂದು ಬರೆದಿಟ್ಟುಕೊಂಡಿರುವ ಹೆಸರು. 'ಗುರುತು ದೃಢೀಕರಣ' ಎಂದರೆ ಆ ಹೆಸರು ಹೇಳಿಕೊಂಡು ಬಂದವರು ನಿಜವಾಗಿಯೂ ಅವರೇ ಎಂಬುದನ್ನು ಸರ್ವರು ಖಾತ್ರಿಪಡಿಸಿಕೊಳ್ಳುವ ಕ್ರಿಯೆ.

ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಟ್ರ್ಯಾಕ್ಟರನ್ನು ನೆನಪಿಸಿಕೊಂಡರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಮೊದಲನೆಯದಾಗಿ ಗೇಟಿನವರೆಗೆ ರಸ್ತೆ ತೆರೆದಿರಬೇಕು. ಎರಡನೆಯದಾಗಿ ಗೇಟಿನಲ್ಲಿ ತೋರಿಸುವ ಚೀಟಿ ಆ ರೈತನದೇ ಆಗಿರಬೇಕು. ಮೂರನೆಯದಾಗಿ ಆ ಚೀಟಿಗೆ ಆ ದಿನ ಒಳಗೆ ತೂಕ ಮಾಡಿಸುವ ಅನುಮತಿ ಇರಬೇಕು. ಟ್ರ್ಯಾಕ್ಟರು ನಿಂತಿದೆ ಎಂಬುದೊಂದೇ ಮೂರೂ ಸಂದರ್ಭಗಳಲ್ಲಿ ಹೊರಗಿನವರಿಗೆ ಕಾಣುತ್ತದೆ. ಕಾರಣ ಮಾತ್ರ ಬೇರೆ ಬೇರೆ. ಬ್ಯಾಕಪ್ ತಂತ್ರಾಂಶದಲ್ಲಿಯೂ ಸಂಪರ್ಕ, ಗುರುತು, ಅನುಮತಿ ಎಂಬ ಮೂರು ಹಂತಗಳಿವೆ. ಯಾವ ಹಂತದಲ್ಲಿ ತಡೆಯಾಗಿದೆ ಎಂಬುದನ್ನು ತಿಳಿಯದೆ ಪಾಸ್‌ವರ್ಡ್ ಬದಲಿಸಲು ಹೊರಡುವುದು ರಸ್ತೆ ಮುಳುಗಿರುವಾಗ ಹೊಸ ಚೀಟಿ ಬರೆಸಿದಂತೆ.

ತಂತ್ರಾಂಶವು ಪ್ರತಿ ರಾತ್ರಿ ತಾನು ಮಾಡಿದ ಕೆಲಸವನ್ನು 'ಲಾಗ್' ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಅದರಲ್ಲಿ ಕಾಣುವ ಸಂದೇಶಗಳನ್ನು ಹೀಗೆ ವಿಂಗಡಿಸಬಹುದು:

1. 'ಟೈಮ್ ಔಟ್', 'ಹೋಸ್ಟ್ ನಾಟ್ ಫೌಂಡ್', 'ಕನೆಕ್ಷನ್ ರೆಫ್ಯೂಸ್ಡ್' ಅಥವಾ ಸರ್ಟಿಫಿಕೇಟ್ ಕುರಿತ ಸಂದೇಶ: ಇದು ಸಂಪರ್ಕದ ದೋಷ. ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಸರ್ವರಿನ ವಿಳಾಸ, ಪೋರ್ಟ್ ಸಂಖ್ಯೆ, ಫೈರ್‌ವಾಲ್ ಇವನ್ನು ನೋಡಬೇಕು. ಐಮ್ಯಾಪ್ ಪದ್ಧತಿಯಲ್ಲಿ ಸುರಕ್ಷಿತ ಸಂಪರ್ಕಕ್ಕೆ ಸಾಮಾನ್ಯವಾಗಿ 993ನೇ ಪೋರ್ಟ್ ಬಳಕೆಯಲ್ಲಿದೆ. ಬಹಳ ಹಳೆಯ ತಂತ್ರಾಂಶವು ಟಿ.ಎಲ್.ಎಸ್. 1.0 ಅಥವಾ 1.1 ಎಂಬ ಹಿಂದಿನ ಗೂಢಲಿಪಿ ಪದ್ಧತಿಯನ್ನೇ ಬಳಸುತ್ತಿದ್ದರೆ ಇಂದಿನ ಪ್ರಮುಖ ಸರ್ವರುಗಳು ಅದನ್ನು ಒಪ್ಪುವುದಿಲ್ಲ, ತಂತ್ರಾಂಶವನ್ನು ನವೀಕರಿಸಬೇಕು.

2. '401', '535' ಅಥವಾ 'ಅಥೆಂಟಿಕೇಶನ್ ಫೇಲ್ಡ್': ಇದು ಗುರುತಿನ ದೋಷ. ಹೆಸರು, ಪಾಸ್‌ವರ್ಡ್, ಟೋಕನ್ ಅಥವಾ ದೃಢೀಕರಣದ ವಿಧಾನದಲ್ಲಿ ವ್ಯತ್ಯಾಸವಾಗಿದೆ.

3. '403' ಅಥವಾ 'ಆಕ್ಸೆಸ್ ಡಿನೈಡ್': ಗುರುತು ಒಪ್ಪಿಗೆಯಾಗಿದೆ, ಆದರೆ ಇತರರ ಅಂಚೆಪೆಟ್ಟಿಗೆ ತೆರೆಯುವ ಅನುಮತಿ ಇಲ್ಲ.

4. '429' ಅಥವಾ 'ಟೂ ಮೆನಿ ಕನೆಕ್ಷನ್ಸ್': ಗುರುತೂ ಸರಿ, ಅನುಮತಿಯೂ ಸರಿ, ಆದರೆ ತಂತ್ರಾಂಶವು ಮಿತಿ ಮೀರಿ ಕೇಳುತ್ತಿದೆ. ಉದಾಹರಣೆಗೆ ಜಿಮೇಲ್ ಖಾತೆಯೊಂದರಿಂದ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂ.ಬಿ. ಮಾತ್ರ ಇಳಿಸಿಕೊಳ್ಳಬಹುದು, ಏಕಕಾಲಕ್ಕೆ 15 ಸಂಪರ್ಕಗಳು ಮಾತ್ರ ಸಾಧ್ಯ. ಮೊದಲ ಬಾರಿಗೆ ಹತ್ತು ವರ್ಷಗಳ ಪತ್ರಗಳನ್ನು ಪ್ರತಿ ತೆಗೆಯುವಾಗ ಇದು ಸಾಮಾನ್ಯ. ಪರಿಹಾರವೆಂದರೆ ಕೆಲಸವನ್ನು ಹಲವು ರಾತ್ರಿಗಳಿಗೆ ಹಂಚುವುದು.

ಪಾಸ್‌ವರ್ಡ್ ಸಾಕಾಗದೆ ಹೋದ ಬಗೆ

ಬಹಳ ಕಾಲ ಬ್ಯಾಕಪ್ ತಂತ್ರಾಂಶಕ್ಕೆ ಹೆಸರು ಮತ್ತು ಪಾಸ್‌ವರ್ಡ್ ಎರಡನ್ನು ಒಮ್ಮೆ ಬರೆದುಕೊಟ್ಟರೆ ಸಾಕಿತ್ತು. ಕದ್ದ ಪಾಸ್‌ವರ್ಡಿನಿಂದ ನಡೆಯುವ ವಂಚನೆ ಹೆಚ್ಚಿದಂತೆ ದೊಡ್ಡ ಸೇವಾ ಸಂಸ್ಥೆಗಳು ಈ ಪದ್ಧತಿಯನ್ನು ಕೈಬಿಟ್ಟವು. ಗೂಗಲ್ ಸಂಸ್ಥೆಯು 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ, ಕೇವಲ ಪಾಸ್‌ವರ್ಡ್ ಬಳಸುವ ಹೊರಗಿನ ತಂತ್ರಾಂಶಗಳಿಗೆ ಪ್ರವೇಶ ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು 2022ರ ಅಕ್ಟೋಬರ್ 1ರಿಂದ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ ಐಮ್ಯಾಪ್ ಮೊದಲಾದ ಮಾರ್ಗಗಳಿಗೆ ಇದೇ ಕ್ರಮವನ್ನು ಹಂತಹಂತವಾಗಿ ಜಾರಿಗೆ ತಂದಿತು. ಸಂಸ್ಥೆಗಳು ಬಳಸುವ ಗೂಗಲ್ ವರ್ಕ್‌ಸ್ಪೇಸ್ ಖಾತೆಗಳಿಗೂ 2025ರಲ್ಲಿ ಈ ನಿರ್ಬಂಧ ಪೂರ್ಣವಾಗಿ ಅನ್ವಯವಾಯಿತು.

ಇದರ ಬದಲಿಗೆ ಬಂದಿರುವುದು 'ಓ-ಆತ್' ಎಂಬ ಟೋಕನ್ ಪದ್ಧತಿ. ಇಲ್ಲಿ ತಂತ್ರಾಂಶಕ್ಕೆ ಪಾಸ್‌ವರ್ಡ್ ಕೊಡುವುದಿಲ್ಲ. ಮಾಲೀಕರು ಅಥವಾ ಆಡಳಿತ ಖಾತೆಯನ್ನು ಹೊಂದಿದವರು ಒಮ್ಮೆ ಸ್ವತಃ ಪ್ರವೇಶಿಸಿ 'ಈ ತಂತ್ರಾಂಶವು ಅಂಚೆ ಓದಬಹುದು' ಎಂದು ಒಪ್ಪಿಗೆ ಕೊಡುತ್ತಾರೆ. ಸರ್ವರು ಆ ಒಪ್ಪಿಗೆಗೆ ಪ್ರತಿಯಾಗಿ ಟೋಕನ್ ನೀಡುತ್ತದೆ. ಟೋಕನ್ನಿಗೆ ಅವಧಿಯಿದೆ, ಅದನ್ನು ರದ್ದುಪಡಿಸಲೂ ಬರುತ್ತದೆ. ಆದುದರಿಂದ ಯಾರೂ ಏನನ್ನೂ ಬದಲಿಸದಿದ್ದರೂ ಬ್ಯಾಕಪ್ ನಿಲ್ಲುವ ಸಾಧ್ಯತೆ ಈ ಪದ್ಧತಿಯೊಡನೆ ಬಂದಿದೆ.

ಎರಡು ಹಂತದ ದೃಢೀಕರಣವಿರುವ ಗೂಗಲ್ ಖಾತೆಗಳಲ್ಲಿ 'ಆ್ಯಪ್ ಪಾಸ್‌ವರ್ಡ್' ಎಂಬ 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡ್ ಪಡೆದು ಹಳೆಯ ತಂತ್ರಾಂಶವನ್ನು ನಡೆಸಬಹುದು. ಆದರೆ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದೊಡನೆ ಈ ಆ್ಯಪ್ ಪಾಸ್‌ವರ್ಡುಗಳು ರದ್ದಾಗುತ್ತವೆ. ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯ ಐಮ್ಯಾಪ್ ಮಾರ್ಗಕ್ಕೆ ಆ್ಯಪ್ ಪಾಸ್‌ವರ್ಡ್ ಉಪಯೋಗವಾಗುವುದಿಲ್ಲ. ಅಲ್ಲಿ ಓ-ಆತ್ ಬೆಂಬಲವಿರುವ ತಂತ್ರಾಂಶವೇ ಬೇಕು.

ನಿಂತ ಅಂತರವೇ ಸುಳಿವು

ಬ್ಯಾಕಪ್ ಎಷ್ಟು ದಿನಗಳಿಗೊಮ್ಮೆ ನಿಲ್ಲುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಕಾರಣ ತಾನಾಗಿ ಹೊರಬೀಳುವುದುಂಟು.

ಏಳು ದಿನಗಳಿಗೊಮ್ಮೆ ನಿಲ್ಲುತ್ತಿದ್ದರೆ: ಗೂಗಲ್ ಸೇವೆಯಲ್ಲಿ ತಂತ್ರಾಂಶದ ನೋಂದಣಿ ಇನ್ನೂ 'ಟೆಸ್ಟಿಂಗ್' ಸ್ಥಿತಿಯಲ್ಲಿ ಉಳಿದಿರಬಹುದು. ಆ ಸ್ಥಿತಿಯಲ್ಲಿ ಕೊಟ್ಟ ಟೋಕನ್ ಏಳು ದಿನಗಳಲ್ಲಿ ಮುಗಿಯುತ್ತದೆ.

42 ದಿನಗಳಿಗೊಮ್ಮೆ ನಿಲ್ಲುತ್ತಿದ್ದರೆ: ಕಚೇರಿಯಲ್ಲೇ ಸರ್ವರ್ ಇರುವಲ್ಲಿ ವಿಂಡೋಸ್ ಡೊಮೈನಿನ ಮೂಲ ನಿಯಮದಂತೆ ಪಾಸ್‌ವರ್ಡಿನ ಆಯುಷ್ಯ 42 ದಿನ. ಬ್ಯಾಕಪ್ಪಿಗೆಂದು ಮಾಡಿದ ಖಾತೆಗೂ ಅದೇ ನಿಯಮ ತಗುಲಿರುತ್ತದೆ.

90 ದಿನಗಳ ಸುಮಾರಿಗೆ ನಿಲ್ಲುತ್ತಿದ್ದರೆ: ಮೈಕ್ರೋಸಾಫ್ಟ್ ಸೇವೆಯಲ್ಲಿ ಬಳಕೆಯಾಗದೆ ಉಳಿದ ಟೋಕನ್ನಿನ ಸಾಮಾನ್ಯ ಅವಧಿ 90 ದಿನ. ಕಾರ್ಖಾನೆಯ ಹಂಗಾಮು ಮುಗಿದಾಗ ಗಣಕವನ್ನು ತಿಂಗಳುಗಟ್ಟಲೆ ಮುಚ್ಚಿಡುವಲ್ಲಿ ಇದು ಎದುರಾಗುತ್ತದೆ. ಗೂಗಲ್ ಸೇವೆಯಲ್ಲಿ ಆರು ತಿಂಗಳು ಬಳಸದ ಟೋಕನ್ ರದ್ದಾಗುತ್ತದೆ. ಸ್ವಂತ ಸರ್ವರಿನಲ್ಲಿ 90 ದಿನಗಳ ಉಚಿತ ಸರ್ಟಿಫಿಕೇಟ್ ಬಳಸುತ್ತಿದ್ದರೆ ಅದು ನವೀಕರಣವಾಗದಿರುವುದೂ ಕಾರಣವಾಗಬಹುದು.

ಒಂದು ಅಥವಾ ಎರಡು ವರ್ಷಕ್ಕೆ ಸರಿಯಾಗಿ ನಿಂತರೆ: ಮೈಕ್ರೋಸಾಫ್ಟ್ ಸೇವೆಯಲ್ಲಿ ತಂತ್ರಾಂಶವನ್ನು ನೋಂದಾಯಿಸುವಾಗ ಕೊಡುವ 'ಕ್ಲೈಂಟ್ ಸೀಕ್ರೆಟ್' ಎಂಬ ಗುಪ್ತಪದದ ಗರಿಷ್ಠ ಅವಧಿ 24 ತಿಂಗಳು. ಅಳವಡಿಸಿದ ತಂತ್ರಜ್ಞರು ಹೋದ ಮೇಲೆ ಈ ದಿನಾಂಕ ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ವಿದ್ಯುತ್ ಹೋಗಿ ಬಂದ ನಂತರ ನಿಂತರೆ: ಗಡಿಯಾರವನ್ನು ಮೊದಲು ನೋಡಬೇಕು. ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಗಣಕವು ಹಳೆಯ ಯಾವುದೋ ದಿನಾಂಕಕ್ಕೆ ಹಿಂದಿರುಗುತ್ತದೆ. ವಿಂಡೋಸ್ ಡೊಮೈನಿನ ಕೆರ್ಬರಾಸ್ ದೃಢೀಕರಣವು ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ದಿನಾಂಕ ತಪ್ಪಿದರೆ ಸರ್ಟಿಫಿಕೇಟುಗಳೂ ತಿರಸ್ಕೃತವಾಗುತ್ತವೆ. ಅಲ್ಪ ಬೆಲೆಯ ಒಂದು ಬ್ಯಾಟರಿಯಿಂದ ಸರಿಹೋಗುವ ದೋಷಕ್ಕೆ ಇಡೀ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವ ಶ್ರಮ ವ್ಯರ್ಥ.

ಪರಿಶೀಲನೆಯ ಕ್ರಮ

ದೋಷ ಕಂಡೊಡನೆ ಈ ಕೆಳಗಿನ ಕ್ರಮದಲ್ಲಿ ಮುಂದುವರಿಯುವುದು ಹಿತಕರ.

ಮೊದಲನೆಯದು, ತಂತ್ರಾಂಶದ ನಿತ್ಯದ ವೇಳಾಪಟ್ಟಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ತಪ್ಪು ಪಾಸ್‌ವರ್ಡಿನಿಂದ ಅದು ಪದೇ ಪದೇ ಬಾಗಿಲು ಬಡಿಯುತ್ತಿದ್ದರೆ ಸರ್ವರು ಖಾತೆಯನ್ನೇ ಮುಚ್ಚುವ ಸಂಭವವಿದೆ. ಆಗ ಒಂದು ದೋಷ ಎರಡಾಗುತ್ತದೆ.

ಎರಡನೆಯದು, ಲಾಗ್ ತೆರೆದು ಕೊನೆಯ ಬಾರಿ ಯಶಸ್ವಿಯಾದ ದಿನಾಂಕವನ್ನು ಬರೆದುಕೊಳ್ಳಬೇಕು. ಆ ದಿನದ ಆಸುಪಾಸಿನಲ್ಲಿ ಏನು ಬದಲಾಯಿತು ಎಂದು ವಿಚಾರಿಸಬೇಕು: ಯಾರಾದರೂ ಕೆಲಸ ಬಿಟ್ಟರೇ, ಪಾಸ್‌ವರ್ಡ್ ಬದಲಾಯಿತೇ, ಹೊಸ ಮೊಬೈಲ್ ಬಂತೇ, ಇಂಟರ್‌ನೆಟ್ ಸೇವೆ ಬದಲಿಸಲಾಯಿತೇ?

ಮೂರನೆಯದು, ಒಂದೇ ಅಂಚೆಪೆಟ್ಟಿಗೆ ನಿಂತಿದೆಯೋ ಎಲ್ಲವೂ ನಿಂತಿವೆಯೋ ಎಂದು ನೋಡಬೇಕು. ಒಂದೇ ಆದರೆ ದೋಷ ಆ ಖಾತೆಯದು. ಎಲ್ಲವೂ ಆದರೆ ಟೋಕನ್, ಸರ್ಟಿಫಿಕೇಟ್, ಗಡಿಯಾರ ಮುಂತಾದ ಸಾಮಾನ್ಯ ಅಂಶದ್ದು.

ನಾಲ್ಕನೆಯದು, ಅದೇ ಗಣಕದ ಬ್ರೌಸರಿನಿಂದ ಅದೇ ಹೆಸರು ಮತ್ತು ಪಾಸ್‌ವರ್ಡ್ ಬಳಸಿ ಪ್ರವೇಶಿಸಿ ನೋಡಬೇಕು. ಅಲ್ಲಿಯೂ ಆಗದಿದ್ದರೆ ಪಾಸ್‌ವರ್ಡ್ ಅಥವಾ ಖಾತೆಯೇ ಸರಿಯಿಲ್ಲ. ಅಲ್ಲಿ ಪ್ರವೇಶ ಸಿಕ್ಕಿ ತಂತ್ರಾಂಶಕ್ಕೆ ಮಾತ್ರ ಸಿಗದಿದ್ದರೆ, ಬ್ರೌಸರಿನಲ್ಲಿ ಮೊಬೈಲಿಗೆ ಬಂದ ಎರಡನೆಯ ಹಂತದ ಸಂಖ್ಯೆಯನ್ನು ಮನುಷ್ಯರೊಬ್ಬರು ತುಂಬಿದ್ದಾರೆ, ರಾತ್ರಿ ಎರಡು ಗಂಟೆಗೆ ತಂತ್ರಾಂಶಕ್ಕೆ ಅದನ್ನು ತುಂಬುವವರಿಲ್ಲ ಎಂದು ತಿಳಿಯಬೇಕು. ದೃಢೀಕರಣದ ವಿಧಾನವನ್ನೇ ಬದಲಿಸಬೇಕಾಗುತ್ತದೆ.

ಐದನೆಯದು, ಹೆಸರಿನ ರೂಪವನ್ನು ನೋಡಬೇಕು. ಕೆಲವು ಸರ್ವರುಗಳು ಪೂರ್ಣ ಇ-ಮೇಲ್ ವಿಳಾಸ ಕೇಳುತ್ತವೆ, ಕೆಲವು ಡೊಮೈನಿನೊಡನೆ ಹೆಸರು ಕೇಳುತ್ತವೆ. 'ಸೇಲ್ಸ್', 'ಇನ್ಫೋ' ಮುಂತಾದ ವಿಳಾಸಗಳು ಎಷ್ಟೋ ಸಲ ಸ್ವತಂತ್ರ ಖಾತೆಗಳಾಗಿರದೆ ಬೇರೊಂದು ಖಾತೆಯ ಅಡ್ಡಹೆಸರುಗಳಾಗಿರುತ್ತವೆ. ಅವುಗಳಿಂದ ಪ್ರವೇಶ ಸಾಧ್ಯವಾಗದಿರಬಹುದು. ಪಾಸ್‌ವರ್ಡನ್ನು ಬೇರೆಡೆಯಿಂದ ನಕಲು ಮಾಡಿ ಅಂಟಿಸುವಾಗ ಹಿಂದೆ ಅಥವಾ ಮುಂದೆ ಖಾಲಿ ಸ್ಥಳ ಸೇರಿಕೊಳ್ಳುವುದೂ ಉಂಟು. ನುಡಿ ಅಥವಾ ಬರಹ ತಂತ್ರಾಂಶ ಕನ್ನಡ ಕೀಲಿಮಣೆಯಲ್ಲಿಯೇ ಉಳಿದಿದ್ದರೆ ಚುಕ್ಕೆಗಳ ಹಿಂದೆ ಬೀಳುವ ಅಕ್ಷರಗಳು ಬೇರೆಯೇ ಆಗಿರುತ್ತವೆ. ಪಾಸ್‌ವರ್ಡನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಬೆರಳಚ್ಚಿಸಿ, ಕಣ್ಣಾರೆ ನೋಡಿ, ನಂತರ ಉಳಿಸದೆ ಮುಚ್ಚುವುದು ಒಳ್ಳೆಯದು.

ಆರನೆಯದು, ಅನುಮತಿಯ ಪರಿಶೀಲನೆ. ಒಂದೇ ಖಾತೆಯಿಂದ ಎಲ್ಲರ ಅಂಚೆಯ ಪ್ರತಿ ತೆಗೆಯುವ ವ್ಯವಸ್ಥೆಯಲ್ಲಿ, ಹೊಸದಾಗಿ ಸೇರಿದ ನೌಕರರ ಅಂಚೆಪೆಟ್ಟಿಗೆಗೆ ಅನುಮತಿ ಕೊಡಲು ಮರೆಯುವುದು ಸಾಮಾನ್ಯ. ಅಂಚೆಪೆಟ್ಟಿಗೆಗಳ ಪಟ್ಟಿಯನ್ನು ಸಂಬಳದ ಪಟ್ಟಿಯೊಡನೆ ಹೋಲಿಸಿದರೆ ಬಿಟ್ಟುಹೋದ ಹೆಸರು ಸಿಗುತ್ತದೆ.

ಏಳನೆಯದು, ಸರಿಪಡಿಸಿದ ನಂತರ ಒಂದೇ ಅಂಚೆಪೆಟ್ಟಿಗೆಯಿಂದ ಪ್ರಾರಂಭಿಸಿ, ಅದು ಯಶಸ್ವಿಯಾದ ಮೇಲೆ ಎಲ್ಲವನ್ನೂ ನಡೆಸಬೇಕು. ನಿಂತ ದಿನದಿಂದ ಇಂದಿನವರೆಗಿನ ಅಂತರ ಪೂರ್ಣವಾಗಿ ತುಂಬಿತೇ ಎಂದು ದಿನಾಂಕವಾರು ನೋಡಿಯೇ ಕೆಲಸ ಮುಗಿಯಿತೆಂದು ತಿಳಿಯಬೇಕು.

ನೌಕರರು ಬಿಟ್ಟುಹೋದಾಗ

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಪಾದರಕ್ಷೆ ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಹನ್ನೆರಡು ಅಂಚೆಪೆಟ್ಟಿಗೆಗಳಿವೆ. ಲೆಕ್ಕಪತ್ರ ನೋಡಿಕೊಳ್ಳುವ ನೌಕರರು ಗಣಕದಲ್ಲಿ ಚುರುಕಾಗಿರುವುದರಿಂದ ಅವರೇ ಬ್ಯಾಕಪ್ ಅಳವಡಿಸುತ್ತಾರೆ. ಅವರ ಖಾತೆಗೇ ಆಡಳಿತದ ಅಧಿಕಾರ, ಅವರ ಮೊಬೈಲಿಗೇ ಎರಡನೆಯ ಹಂತದ ಸಂಖ್ಯೆ, ಅವರ ಒಪ್ಪಿಗೆಯಿಂದಲೇ ಟೋಕನ್. ಮೂರು ವರ್ಷಗಳ ನಂತರ ಅವರು ಬೇರೆ ಊರಿಗೆ ಕೆಲಸಕ್ಕೆ ಹೋಗುತ್ತಾರೆ. ತಿಂಗಳ ಶುಲ್ಕ ಉಳಿಸಲೆಂದು ಮಾಲೀಕರು ಆ ಖಾತೆಯನ್ನು ಅಳಿಸಿಬಿಡುತ್ತಾರೆ. ಅಂದೇ ರಾತ್ರಿಯಿಂದ ಹನ್ನೆರಡೂ ಪೆಟ್ಟಿಗೆಗಳ ಬ್ಯಾಕಪ್ ನಿಲ್ಲುತ್ತದೆ. ಆ ನೌಕರರ ಅಂಚೆಪೆಟ್ಟಿಗೆಯಲ್ಲಿದ್ದ ಗ್ರಾಹಕರ ಬಾಕಿ ಒಪ್ಪಿಗೆಯ ಪತ್ರಗಳೂ ಅಳಿಯುತ್ತವೆ.

ಇಲ್ಲಿ ಯಾರ ದುರುದ್ದೇಶವೂ ಇಲ್ಲ. ಸಂಸ್ಥೆಯ ಕೀಲಿಕೈ ವ್ಯಕ್ತಿಯ ಜೇಬಿನಲ್ಲಿದ್ದುದೇ ದೋಷ. ಅಳಿಸಿದ ಖಾತೆಯನ್ನು ಗೂಗಲ್ ವರ್ಕ್‌ಸ್ಪೇಸಿನಲ್ಲಿ 20 ದಿನಗಳೊಳಗೆ, ಮೈಕ್ರೋಸಾಫ್ಟ್ 365ರಲ್ಲಿ 30 ದಿನಗಳೊಳಗೆ ಆಡಳಿತ ಖಾತೆಯಿಂದ ಮರಳಿ ಪಡೆಯಬಹುದು. ಆ ಅವಧಿ ಮುಗಿದ ಮೇಲೆ ಬ್ಯಾಕಪ್ಪೊಂದೇ ಗತಿ. ಆದುದರಿಂದ ನೌಕರರು ಬಿಡುವ ದಿನ ಖಾತೆಯನ್ನು ಅಳಿಸದೆ, ಮೊದಲು ಅದರ ಪಾಸ್‌ವರ್ಡ್ ಬದಲಿಸಿ, ಪತ್ರಗಳ ಪೂರ್ಣ ಪ್ರತಿ ತೆಗೆದು, ಬ್ಯಾಕಪ್ ತಂತ್ರಾಂಶವು ಆ ಖಾತೆಯನ್ನು ಅವಲಂಬಿಸಿಲ್ಲವೆಂದು ಖಚಿತಪಡಿಸಿಕೊಂಡು, ಅನಂತರವೇ ಮುಂದಿನ ಕ್ರಮ ಕೈಗೊಳ್ಳಬೇಕು.

ಬ್ಯಾಕಪ್ಪಿಗೆ ಪ್ರತ್ಯೇಕ ಖಾತೆ

ಈ ತೊಡಕಿಗೆ ಶಾಶ್ವತ ಪರಿಹಾರವೆಂದರೆ ಬ್ಯಾಕಪ್ಪಿಗಾಗಿಯೇ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆಯುವುದು. ಈ ಖಾತೆಯಿಂದ ನಿತ್ಯದ ಪತ್ರವ್ಯವಹಾರ ಮಾಡಬಾರದು. ಪತ್ರಗಳನ್ನು ಓದುವ ಅನುಮತಿಯಷ್ಟೇ ಇರಬೇಕು. ಅಳಿಸುವ ಅಧಿಕಾರ ಬೇಡ. ಎರಡನೆಯ ಹಂತದ ದೃಢೀಕರಣಕ್ಕೆ ಸಂಸ್ಥೆಯದೇ ಆದ ದೂರವಾಣಿ ಸಂಖ್ಯೆ ಇರಲಿ. ಸೇವಾ ಸಂಸ್ಥೆ ಕೊಡುವ ತುರ್ತು ಸಂಕೇತಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಮುಚ್ಚಿ, ತಿಜೋರಿಯಲ್ಲಿಡಬೇಕು. ಮನೆತನದ ಅಥವಾ ಪಾಲುದಾರಿಕೆಯ ಕನಿಷ್ಠ ಇಬ್ಬರಿಗೆ ಅದರ ನೆಲೆ ತಿಳಿದಿರಬೇಕು.

ಟೋಕನ್, ಸರ್ಟಿಫಿಕೇಟ್, ಕ್ಲೈಂಟ್ ಸೀಕ್ರೆಟ್ ಇವುಗಳ ಅಂತಿಮ ದಿನಾಂಕಗಳನ್ನು ಜಿ.ಎಸ್.ಟಿ. ದಿನಾಂಕಗಳಂತೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ದಿನ ಮುಂಚಿತವಾಗಿ ಗುರುತಿಸಬೇಕು. ಬೆಳಗಾವಿಯಿಂದಲೋ ಕೊಲ್ಹಾಪುರದಿಂದಲೋ ತಂತ್ರಜ್ಞರು ದೂರದಿಂದಲೇ ಗಣಕವನ್ನು ನಿಯಂತ್ರಿಸಿ ಸರಿಪಡಿಸಿದ್ದರೆ, ಕೆಲಸ ಮುಗಿದೊಡನೆ ಅವರಿಗೆ ಕೊಟ್ಟ ಪಾಸ್‌ವರ್ಡ್ ಬದಲಿಸಬೇಕು. ಆ ಬದಲಾವಣೆಯಿಂದ ಟೋಕನ್ ರದ್ದಾಗಬಹುದಾದ್ದರಿಂದ ಅದೇ ದಿನ ಬ್ಯಾಕಪ್ಪನ್ನೂ ಒಮ್ಮೆ ನಡೆಸಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. 'ನಿಮ್ಮ ಬ್ಯಾಕಪ್ ವಿಫಲವಾಗಿದೆ, ಇಲ್ಲಿ ಒತ್ತಿ ಮತ್ತೆ ಪ್ರವೇಶಿಸಿ' ಎಂದು ಬರುವ ಪತ್ರ ವಂಚಕರದಾಗಿರಬಹುದು. ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ತಂತ್ರಾಂಶವನ್ನು ಸ್ವತಃ ತೆರೆದು ಲಾಗ್ ನೋಡುವುದೇ ಸರಿಯಾದ ಮಾರ್ಗ. ಮೋಸಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

ಎಚ್ಚರಿಸುವವರನ್ನೇ ಬಾಗಿಲಾಚೆ ನಿಲ್ಲಿಸಿದಂತೆ

ಬ್ಯಾಕಪ್ ವಿಫಲವಾದರೆ ಇ-ಮೇಲ್ ಮೂಲಕ ಸೂಚನೆ ಕಳುಹಿಸುವ ಸೌಲಭ್ಯ ಬಹುತೇಕ ಎಲ್ಲ ತಂತ್ರಾಂಶಗಳಲ್ಲಿಯೂ ಇದೆ. ಆದರೆ ಆ ಸೂಚನೆ ಹೊರಡುವುದು ಸಾಮಾನ್ಯವಾಗಿ ಅದೇ ಖಾತೆಯಿಂದ, ಅದೇ ಪಾಸ್‌ವರ್ಡಿನಿಂದ. ಗುರುತು ತಿರಸ್ಕೃತವಾದಾಗ ಬ್ಯಾಕಪ್ಪಿನೊಡನೆ ಸೂಚನೆಯೂ ನಿಲ್ಲುತ್ತದೆ. 'ದೂರು ಬಂದಿಲ್ಲ, ಆದುದರಿಂದ ಎಲ್ಲ ಸರಿಯಿದೆ' ಎಂದು ಮಾಲೀಕರು ನೆಮ್ಮದಿಯಿಂದಿರುತ್ತಾರೆ. ಇದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಸೂಚನೆಯನ್ನು ಬೇರೊಂದು ಸೇವೆಯ ಬೇರೊಂದು ಖಾತೆಯಿಂದ ಕಳುಹಿಸುವಂತೆ ಹೊಂದಿಸುವುದು ಒಂದು. ವಿಫಲವಾದಾಗ ಮಾತ್ರವಲ್ಲದೆ ಯಶಸ್ವಿಯಾದಾಗಲೂ ಸೂಚನೆ ಬರುವಂತೆ ಮಾಡಿ, ಬಾರದಿದ್ದ ದಿನವನ್ನೇ ದೋಷವೆಂದು ತಿಳಿಯುವುದು ಇನ್ನೊಂದು.

ಅಷ್ಟಾದರೂ ಯಶಸ್ಸಿನ ಸೂಚನೆಯೇ ಅಂತಿಮ ಪ್ರಮಾಣವಲ್ಲ. ತಿಂಗಳಿಗೊಮ್ಮೆ, ವರ್ಷದ ಹಿಂದಿನ ಯಾವುದಾದರೂ ಒಂದು ಪತ್ರವನ್ನು ಅದರ ಲಗತ್ತಿನೊಂದಿಗೆ ಬ್ಯಾಕಪ್ಪಿನಿಂದ ಖಾಲಿ ಅಂಚೆಪೆಟ್ಟಿಗೆಯೊಂದಕ್ಕೆ ಮರಳಿ ತಂದು ತೆರೆದು ನೋಡಬೇಕು. ಪತ್ರ ತೆರೆಯಿತು, ಲಗತ್ತು ಓದಲು ಬಂತು ಎಂದಾದರೆ ಮಾತ್ರ ಬ್ಯಾಕಪ್ ಇದೆ ಎನ್ನಬಹುದು.

ಪ್ರತಿಯನ್ನು ಇಡುವ ಸ್ಥಳದ ಬಗೆಗೂ ಯೋಚಿಸಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಹೊರ ಸ್ಥಳದಲ್ಲಿ ಎಂಬುದು ರೂಢಿಯಲ್ಲಿರುವ ಸೂತ್ರ. ಕೃಷ್ಣಾ ತೀರದವರಿಗೆ ಹೊರ ಸ್ಥಳವೆಂದರೆ ನದಿಯ ಆಚೆಯ ದಡವಲ್ಲ. ಪ್ರವಾಹ ಬಂದಾಗ ಎರಡೂ ದಡಗಳು ಒಟ್ಟಿಗೇ ಮುಳುಗುತ್ತವೆ. ನದಿಪಾತ್ರದಿಂದ ದೂರದ ಊರಿನಲ್ಲಿ ಅಥವಾ ದೇಶದೊಳಗಿನ ವಿಶ್ವಾಸಾರ್ಹ ಸರ್ವರಿನಲ್ಲಿ ಒಂದು ಪ್ರತಿ ಇರತಕ್ಕದ್ದು.

ನೆನಪಿಡಬೇಕಾದ ಅಂಶಗಳು

1. ಸಂಪರ್ಕವೋ, ಗುರುತೋ, ಅನುಮತಿಯೋ ಎಂದು ಲಾಗ್ ನೋಡಿ ನಿರ್ಧರಿಸುವವರೆಗೆ ಪಾಸ್‌ವರ್ಡ್ ಬದಲಿಸಬಾರದು.

2. ಬ್ಯಾಕಪ್ ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ.

3. ನೌಕರರ ಖಾತೆಯನ್ನು ಪೂರ್ಣ ಪ್ರತಿ ತೆಗೆಯದೆ ಅಳಿಸಬಾರದು.

4. ಅವಧಿ ಮುಗಿಯುವ ದಿನಾಂಕಗಳು ಕ್ಯಾಲೆಂಡರಿನಲ್ಲಿರಲಿ.

5. ವಾರಕ್ಕೊಮ್ಮೆ ಲಾಗ್ ನೋಡುವುದು, ತಿಂಗಳಿಗೊಮ್ಮೆ ಒಂದು ಪತ್ರ ಮರಳಿ ತರುವುದು ಒಬ್ಬರ ನಿಯತ ಕರ್ತವ್ಯವಾಗಿರಲಿ.

ಪ್ರತಿ ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ ರೋಜುಕೀರ್ದಿಗೆ ತಾಳೆ ನೋಡದೆ ಅಂಗಡಿ ಮುಚ್ಚುವ ವ್ಯಾಪಾರಿ ಈ ಭಾಗದಲ್ಲಿಲ್ಲ. ಪತ್ರಗಳ ಪ್ರತಿಗೂ ಅದೇ ಶಿಸ್ತನ್ನು ವಾರಕ್ಕೆ ಹತ್ತು ನಿಮಿಷ ಅನ್ವಯಿಸಿದರೆ ಸಾಕು. ಮುಂದಿನ ಮಳೆಗಾಲದೊಳಗೆ ಒಮ್ಮೆಯಾದರೂ ಬ್ಯಾಕಪ್ಪಿನಿಂದ ಒಂದು ಹಳೆಯ ಪತ್ರವನ್ನು ಹೊರತೆಗೆದು ನೋಡಿದ ಉದ್ದಿಮೆದಾರರು, ನೀರು ಬಂದರೂ ತಕರಾರು ಬಂದರೂ ತಮ್ಮ ದಾಖಲೆಯ ವಿಷಯದಲ್ಲಿ ನಿಶ್ಚಿಂತರಾಗಿರಬಹುದು.